ಬರೆಯೆ

ದುರ್ಗಿಗುಡಿಯಲ್ಲಿ ಬಳೆ ಅಂಗಡಿಯ ಮೇಲೆ
ಹನ್ನೊಂದು ಮೆಟ್ಟಿಲು ಹತ್ತಿದರೆ ನಮ್ಮ ಪ್ರೆಸ್ಸು.
ಬಂದವರು ಏದುಸಿರಲ್ಲೇ ಕೇಳುತ್ತಾರೆ:
"ಸುಗುಣಾ ಮೇಡಂ, ಎರಡು ಸಾಲು. ಎರಡೇ ಸಾಲು."

ಹಾಗೆ ಕೇಳಿದವರಿಗೆಲ್ಲ ಕೊಟ್ಟು ಹತ್ತೊಂಬತ್ತು ವರ್ಷ.
ಗೃಹಪ್ರವೇಶಕ್ಕೆ ಕೊಟ್ಟೆ, ಹೊಸ ಬೇಕರಿಗೆ ಕೊಟ್ಟೆ,
ಕೆಇಬಿ ಲೈನ್‌ಮನ್ನಿನ ನಿವೃತ್ತಿಗೆ
ಬೆಳಕು ಎಂಬ ಪದ ಮೂರು ಸಲ ತುರುಕಿ ಕೊಟ್ಟೆ.
ಕಾಣದ ಊರಿನ ಕಾಣದ ಅಜ್ಜನ ವೈಕುಂಠ ಸಮಾರಾಧನೆಗೆ
ಕಣ್ಣೀರನ್ನೂ ಅಳೆದೇ ಕೊಟ್ಟೆ;
ಕಾರ್ಡಿನ ಅಗಲ ಮೂರೂವರೆ ಇಂಚು.

ಒಲ್ಲೆ ಎನ್ನಲು ಬಾಯಿ ಬಾರದು.
ನಮ್ಮ ಮನೆಯಲ್ಲಿ ಎಲೆಯ ಮುಂದೆ ಕೂತು ಒಲ್ಲೆ ಎಂದರೆ
ಬಡಿಸುವವರು ಇನ್ನೊಂದು ಸೌಟು ಹಾಕುತ್ತಿದ್ದರು.

ಖುದ್ದೂಸ್ ಸಾಬರು ಮೊಳೆ ಜೋಡಿಸುತ್ತಿದ್ದ ಕಾಲಕ್ಕೆ
ನಾನಿನ್ನೂ ಪ್ರೂಫ್ ತಿದ್ದುವ ಹುಡುಗಿ.
ಒಂದು ದಿನ ಅವರ ಅಂಗೈಯಲ್ಲಿ ಬೋಳು ಸೀಸದ ತುಂಡುಗಳು,
ಒತ್ತಿಲ್ಲ, ಕೊಂಬಿಲ್ಲ, ಮುಖವೇ ಇಲ್ಲ.
"ಇವು ಅಚ್ಚಾಗೋದಿಲ್ಲಮ್ಮ. ಆದ್ರೆ ಇವಿಲ್ದೆ
ಸಾಲು ಬಿಗಿ ನಿಲ್ಲೋದಿಲ್ಲ, ಎತ್ತಿದ ಕೂಡ್ಲೆ ಉದುರ್ತದೆ."
ತಲೆಯಾಡಿಸಿದೆ. ಅರ್ಥವಾಗಿರಲಿಲ್ಲ.
ಹೌದು ಎನ್ನುವುದು ಆಗಲೇ ರೂಢಿ.

ಆಮೇಲೆ ಕಂಪ್ಯೂಟರು ಬಂತು. ಸೀಸವನ್ನು ತೂಕಕ್ಕೆ ಹಾಕಿದರು.
ನನ್ನ ಸಾಲುಗಳಿಗೆ ನಂಬರು ಬಿತ್ತು:
ಮದುವೆಗೆ ಒಂದರಿಂದ ಒಂಬತ್ತು, ಸಾವಿಗೆ ಹತ್ತರಿಂದ ಮುಂದೆ.
ಹೆಸರು ಬದಲಿಸಿದರಾಯಿತು.

ಈ ಮಾಘದಲ್ಲಿ ನನ್ನ ಅಕ್ಕ ತೀರಿಕೊಂಡಳು.
ನನಗೇಕೆ ತೊಂದರೆ ಎಂದು ಹುಡುಗರೇ ಕಾರ್ಡು ಮುಗಿಸಿದ್ದರು.
ಫೋಟೋದ ಕೆಳಗೆ ಹದಿನಾಲ್ಕನೇ ನಂಬರು.
ಮಾತ್ರೆ ತಪ್ಪಿರಲಿಲ್ಲ, ಕಾಗುಣಿತವೂ ಸರಿ.
ನನ್ನದೇ ಸಾಲು;
ಅದರಲ್ಲಿ ನನಗೆ ಪರಿಚಯವಿಲ್ಲದ ಯಾರೋ ಸತ್ತಿದ್ದರು.

ಮರುವಾರದಿಂದ ಇಲ್ಲ ಎನ್ನಲು ಶುರು ಮಾಡಿದೆ.
ಮೊದಲನೆಯದೇ ತಪ್ಪು ತಲೆಯ ಮೇಲೆ ಬಿತ್ತು:
ಹೊಳೆಹೊನ್ನೂರಿನ ಹುಡುಗಿ, ಹೈಸ್ಕೂಲು ಸಮವಸ್ತ್ರ,
ವರ್ಗವಾದ ಡ್ರಿಲ್ ಮೇಷ್ಟ್ರಿಗೆ ಪದ್ಯ ಬೇಕಂತೆ,
ಮುಷ್ಟಿಯಲ್ಲಿ ಬೆವೆತ ನಲವತ್ತು ರೂಪಾಯಿ.
"ಆಗೋದಿಲ್ಲ" ಎಂದೆ, ಬೇಕಾದ್ದಕ್ಕಿಂತ ಗಟ್ಟಿಯಾಗಿ.
ಅವಳು ಇಳಿದ ಮೆಟ್ಟಿಲುಗಳ ಸದ್ದು, ಹನ್ನೊಂದೂ.
ಅದೇ ಸಂಜೆ ಲೇಔಟಿನ ಪರಮೇಶಣ್ಣ
ಕೆರೆ ಮುಚ್ಚಿ ಮಾಡಿದ ಸೈಟುಗಳಿಗೆ
"ನೀರಿನ ಮೇಲೆ ತಂಪಾಗಿ ಏನಾದ್ರೂ" ಎಂದಾಗ
ಬರೆದೆ. ಚೆನ್ನಾಗಿಯೇ ಬಂತು, ಅದೇ ನಾಚಿಕೆ.

ನಿದ್ದೆ ಬಾರದ ರಾತ್ರಿ ಕಾಲೇಜಿನ ವ್ಯಾಕರಣ ನೆನಪಾಯಿತು.
ಹಳೆಯ ಕನ್ನಡದಲ್ಲಿ ಇಲ್ಲ ಎನ್ನಲು ಬೇರೆ ಮಾತು ಬೇಡ;
ಕ್ರಿಯಾಪದದಿಂದ ಕಾಲವನ್ನು ಕಿತ್ತರೆ ಅದೇ ನಿಷೇಧ.
ಅರಿವೆ, ಅರಿಯೆ. ಬರೆವೆ, ಬರೆಯೆ.
ನಿನ್ನೆಯೂ ಇಲ್ಲ ಅದರಲ್ಲಿ, ನಾಳೆಯೂ ಇಲ್ಲ.
ಅಷ್ಟು ಸಣ್ಣ ಪದ, ಒಳಗೆ ಬೋಳು ಸೀಸದ ತೂಕ.
ಕೊನೆಯಲ್ಲಿ ಸ್ವಲ್ಪ ಎಳೆದರೆ ಅಕ್ಕನ ದನಿ:
ಬರೆಯೇ, ನನಗೂ ಒಂದು ಬರೆಯೇ.

ಯುಗಾದಿಗೆ ಮುಂಚೆ ಪರಮೇಶಣ್ಣ ಮತ್ತೆ ಬಂದರು,
ಎರಡನೇ ಹಂತ, ಇನ್ನೊಂದು ಕೆರೆ.
ಕುರ್ಚಿ ಕೊಟ್ಟೆ, ಕಾಫಿ ತರಿಸಿದೆ.
"ಇದನ್ನು ನಾನು ಬರೆಯೆ" ಎಂದೆ.
"ಸಂತೋಷ, ನಾಳೆ ಹುಡುಗನ್ನ ಕಳಿಸ್ಲಾ?" ಎಂದರು.
ಹೊಸಗನ್ನಡದಲ್ಲಿ ಇನ್ನೊಮ್ಮೆ ಹೇಳಬೇಕಾಯಿತು;
ಎರಡನೇ ಸಲ ದನಿ ನಡುಗಿತು.
ಅವರು ಕಾಫಿಯನ್ನು ಅರ್ಧಕ್ಕೆ ಬಿಟ್ಟು ಎದ್ದರು.
ಮಾಲೀಕರು ಮೂರು ದಿನ ಮಾತಾಡಲಿಲ್ಲ.

ಅಕ್ಕನದು ಇನ್ನೂ ಬರೆದಿಲ್ಲ.

ಶನಿವಾರ ಬೆಳಗಿನ ಶಾಲೆ ಬಿಡುವ ಹೊತ್ತಿಗೆ
ಬಸ್ಸು ಹಿಡಿದು ಹೊಳೆಹೊನ್ನೂರಿಗೆ ಹೋದೆ.
ಮೇಷ್ಟ್ರು ಹೊರಟು ಆಗಲೇ ತಿಂಗಳಾಗಿತ್ತು.
"ನಾನೇ ಬರ್ದೆ ಮೇಡಂ" ಎಂದು ಹುಡುಗಿ
ಪಟ್ಟಿಯ ಹಿಂದಿನ ಹಾಳೆ ತಿರುವಿದಳು:
ಸೀಟಿಯ ಬಗ್ಗೆ ನಾಲ್ಕು ಸಾಲು,
ಸೀಟಿ ನಿಂತ ಮೇಲೆ ಮೈದಾನ ದೊಡ್ಡದಾದ ಬಗ್ಗೆ.
"ಸರಿ ಇದೆಯಾ?"
ಮೂರನೇ ಸಾಲಿನಲ್ಲಿ ಒಂದು ಮಾತ್ರೆ ಕಮ್ಮಿ.
ಪೆನ್ನು ಆಗಲೇ ನನ್ನ ಕೈಯಲ್ಲಿತ್ತು.
ಮುಚ್ಚಳ ಹಾಕಿದೆ.